ಕೈ ತೊಳೆಸಿದ ವೈದ್ಯ ಸೆಮ್ಮೆಲ್ವೈಸ್

ಮಕ್ಕಳೇ, ಬಿಸಿಯೂಟಕ್ಕೆ ಕೂರುವ ಮೊದಲು ನೀವೆಲ್ಲ ಸಾಬೂನು ಹಚ್ಚಿ ಕೈ ತೊಳೆಯುತ್ತೀರಿ, ಅಲ್ಲವೇ? ಇಷ್ಟು ಸಣ್ಣ ಕೆಲಸವನ್ನು ವೈದ್ಯರಿಂದ ಮಾಡಿಸಲು ಒಬ್ಬರು ವರ್ಷಗಟ್ಟಲೆ ಹೋರಾಡಬೇಕಾಯಿತು. ಅವರೇ ಇಗ್ನಾಜ್ ಸೆಮ್ಮೆಲ್ವೈಸ್.

ಸೆಮ್ಮೆಲ್ವೈಸ್ 1818ರ ಜುಲೈ 1ರಂದು ಹಂಗೇರಿಯ ಬುಡಾ ನಗರದಲ್ಲಿ ಜನಿಸಿದರು. ತಂದೆ ದಿನಸಿ ವ್ಯಾಪಾರಿ. ವೈದ್ಯ ಪದವಿ ಪಡೆದು 1846ರಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಸೇರಿದರು.

ಅಲ್ಲಿ ಎರಡು ವಾರ್ಡುಗಳಿದ್ದವು. ಮೊದಲನೆಯದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ಹೆರಿಗೆ ಮಾಡಿಸುತ್ತಿದ್ದರು. ಆ ವರ್ಷ ಮೊದಲ ವಾರ್ಡಿನಲ್ಲಿ 100 ತಾಯಂದಿರಲ್ಲಿ ಸುಮಾರು 11 ಮಂದಿ ಸತ್ತರು. ಎರಡನೆಯದರಲ್ಲಿ ಸತ್ತವರು ಸುಮಾರು 3 ಮಂದಿ ಮಾತ್ರ. ಹೆಚ್ಚಿನವರಿಗೆ ಬಂದದ್ದು ಬಾಣಂತಿ ಜ್ವರ. ಮೊದಲ ವಾರ್ಡು ಬೇಡವೆಂದು ಹೆಂಗಸರು ಅಳುತ್ತಾ ಬೇಡಿಕೊಳ್ಳುತ್ತಿದ್ದರು.

ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಅನೇಕ ವೈದ್ಯರು ನಂಬಿದ್ದರು. ಆದರೆ ಎರಡೂ ವಾರ್ಡುಗಳಿಗೆ ಒಂದೇ ಗಾಳಿಯಲ್ಲವೇ? ಸೆಮ್ಮೆಲ್ವೈಸ್ ಒಂದೊಂದೇ ನಂಬಿಕೆಯನ್ನು ಪರೀಕ್ಷಿಸತೊಡಗಿದರು. ಸಾಯುವವರಿಗಾಗಿ ಪ್ರಾರ್ಥಿಸಲು ಪಾದ್ರಿ ಗಂಟೆ ಬಾರಿಸುತ್ತಾ ಬರುವುದರಿಂದ ಹೆದರಿ ಸಾಯುತ್ತಾರೆಯೇ? ಗಂಟೆ ಇಲ್ಲದೆ ಬೇರೆ ದಾರಿಯಲ್ಲಿ ಬರಲು ಪಾದ್ರಿಯನ್ನು ಕೋರಿದರು. ಸಾವು ನಿಲ್ಲಲಿಲ್ಲ. ಮಲಗುವ ಭಂಗಿ ಕಾರಣವೇ? ಅದನ್ನೂ ಬದಲಿಸಿ ನೋಡಿದರು. ಆಗಲೂ ಸಾವು ನಿಲ್ಲಲಿಲ್ಲ.

1847ರಲ್ಲಿ ಅವರ ಮಿತ್ರ ವೈದ್ಯ ಕೊಲೆಚ್ಕಾ ಅವರಿಗೆ ಶವಪರೀಕ್ಷೆಯ ವೇಳೆ ಚಾಕು ತಗುಲಿ ಗಾಯವಾಯಿತು. ಅವರು ತೀರಿಕೊಂಡರು. ಅವರ ದೇಹದಲ್ಲಿ ಕಂಡ ಲಕ್ಷಣಗಳು ಬಾಣಂತಿ ಜ್ವರದ ಲಕ್ಷಣಗಳನ್ನೇ ಹೋಲುತ್ತಿದ್ದವು! ಸೆಮ್ಮೆಲ್ವೈಸ್ ಅವರಿಗೆ ಸುಳಿವು ಸಿಕ್ಕಿತು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ವೈದ್ಯರು ಶವ ಕೊಯ್ದು ನೇರವಾಗಿ ಹೆರಿಗೆಗೆ ಬರುತ್ತಿದ್ದರು. ಅವರ ಕೈಗಳೇ ರೋಗ ತರುತ್ತಿದ್ದವು.

ಮೇ ತಿಂಗಳಿನಿಂದ ಎಲ್ಲರೂ ಸುಣ್ಣ ಮತ್ತು ಕ್ಲೋರಿನ್ ಸೇರಿದ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ನಿಯಮ ಮಾಡಿದರು. ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿಯೂ ಇದೇ ಬಗೆಯದು. ಏಪ್ರಿಲ್‌ನಲ್ಲಿ 100ಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು.

ಆದರೂ ಅನೇಕ ವೈದ್ಯರು ಒಪ್ಪಲಿಲ್ಲ. ತಮ್ಮ ಕೈಗಳಿಂದಲೇ ತಾಯಂದಿರು ಸತ್ತರೆಂದು ಒಪ್ಪುವುದು ಕಷ್ಟವಾಗಿತ್ತು. ರೋಗಕ್ಕೂ ಸೂಕ್ಷ್ಮಜೀವಿಗಳಿಗೂ ಇರುವ ಸಂಬಂಧ ಆಗಿನ್ನೂ ಸಾಬೀತಾಗಿರಲಿಲ್ಲ. ಸೆಮ್ಮೆಲ್ವೈಸ್ ಕೂಡ ತಮ್ಮ ಪುಸ್ತಕ ಪ್ರಕಟಿಸಿದ್ದು 1861ರಲ್ಲಿ. ಒಪ್ಪದವರಿಗೆ ಕೋಪದ ಪತ್ರಗಳನ್ನು ಬರೆದು ವಿರೋಧಿಗಳನ್ನು ಹೆಚ್ಚಿಸಿಕೊಂಡರು. ಕೊನೆಗೆ ಮಾನಸಿಕ ಆಸ್ಪತ್ರೆಗೆ ಸೇರಿಸಲ್ಪಟ್ಟು, 1865ರ ಆಗಸ್ಟ್ 13ರಂದು ಗಾಯ ನಂಜಾಗಿ ನಿಧನರಾದರು. ಆಗ ಅವರಿಗೆ 47 ವರ್ಷ. ಮುಂದೆ ಲೂಯಿ ಪಾಶ್ಚರ್ ಮೊದಲಾದವರ ಸಂಶೋಧನೆಗಳಿಂದ ಅವರು ಹೇಳಿದ್ದು ಸರಿಯೆಂದು ತಿಳಿಯಿತು.

ಮಕ್ಕಳೇ, ಇಲ್ಲಿ ಒಂದು ವಿಷಯ ಗಮನಿಸಿ. ಪರೀಕ್ಷಿಸದೆ ನಂಬಿದವರು ಓದು ಬರಹ ಬಾರದವರಲ್ಲ, ದೊಡ್ಡ ವೈದ್ಯರು. ಅವರ ನಂಬಿಕೆಗೆ ಬೆಲೆ ತೆತ್ತವರು ಬಡ ತಾಯಂದಿರು. ಆದ್ದರಿಂದ ಹೇಳಿದವರು ಯಾರೆಂಬುದಕ್ಕಿಂತ ಅದಕ್ಕೆ ಆಧಾರವೇನು ಎಂಬುದು ಮುಖ್ಯ.

ಮಾಡಿ ನೋಡಿ: ಕಾಯಿಲೆ ಏಕೆ ಬರುತ್ತದೆಂದು ನಿಮ್ಮ ಊರಿನಲ್ಲಿ ಹೇಳುವ ಮೂರು ಕಾರಣಗಳನ್ನು ಬರೆಯಿರಿ. ಪ್ರತಿಯೊಂದನ್ನೂ ಹೇಗೆ ಪರೀಕ್ಷಿಸಬಹುದು? ಗುಂಪಿನಲ್ಲಿ ಚರ್ಚಿಸಿ, ಶಿಕ್ಷಕರಿಗೆ ತೋರಿಸಿ.