ಕಸಿದುಕೊಂಡ ಪದಕ, ಅಳಿಯದ ಕೀರ್ತಿ: ಜಿಮ್ ಥೋರ್ಪ್ ಜೀವನಕಥನ

ಒಲಿಂಪಿಕ್ ಪದಕವನ್ನು ಕಳೆದುಕೊಂಡ ಕ್ರೀಡಾಪಟು ಎಂದೊಡನೆ ನಮ್ಮ ಮನಸ್ಸಿಗೆ ಮೊದಲು ಬರುವುದು ಉದ್ದೀಪನ ಮದ್ದಿನ ಪ್ರಕರಣಗಳು. 1988ರ ಸಿಯೋಲ್ ಕ್ರೀಡಾಕೂಟದಲ್ಲಿ ಕೆನಡಾದ ಬೆನ್ ಜಾನ್ಸನ್ 100 ಮೀಟರ್ ಓಟವನ್ನು 9.79 ಸೆಕೆಂಡುಗಳಲ್ಲಿ ಮುಗಿಸಿ ಜಗತ್ತನ್ನು ಬೆರಗುಗೊಳಿಸಿದುದು, ಮೂರೇ ದಿನಗಳಲ್ಲಿ ಆ ಚಿನ್ನವನ್ನು ಕಳೆದುಕೊಂಡುದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅಮೆರಿಕದ ಮರಿಯನ್ ಜೋನ್ಸ್ 2000ದ ಸಿಡ್ನಿ ಕೂಟದಲ್ಲಿ ಗಳಿಸಿದ ಐದು ಪದಕಗಳು 2007ರಲ್ಲಿ ಆಕೆಯ ಕೈತಪ್ಪಿದವು. ಮದ್ದಿನ ಬಲದಿಂದ ಗೆದ್ದವರು ಗೆದ್ದುದನ್ನು ಹಿಂದಿರುಗಿಸಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು.

ಆದರೆ ಪದಕ ಕಸಿದುಕೊಳ್ಳುವ ಈ ಪರಿಪಾಠದ ಆರಂಭಕಾಲದಲ್ಲಿ ಒಂದು ವಿಚಿತ್ರವಾದ ಸಂಗತಿಯಿದೆ. 1904ರ ಸೇಂಟ್ ಲೂಯಿಸ್ ಮ್ಯಾರಥಾನ್ ಓಟದಲ್ಲಿ ಥಾಮಸ್ ಹಿಕ್ಸ್ ಎಂಬ ಓಟಗಾರನಿಗೆ ಅವನ ಸಹಾಯಕರು ದಾರಿಯುದ್ದಕ್ಕೂ ಸ್ಟ್ರಿಕ್ನಿನ್ ಎಂಬ ವಿಷದ್ರವ್ಯವನ್ನು ಮೊಟ್ಟೆಯ ಬಿಳಿಭಾಗ ಮತ್ತು ಬ್ರಾಂಡಿಯೊಡನೆ ಕುಡಿಸಿದ್ದರು. ಅದನ್ನು ತಡೆಯುವ ನಿಯಮವೇ ಅಂದು ಇರಲಿಲ್ಲವಾದ್ದರಿಂದ ಅವನ ಚಿನ್ನದ ಪದಕ ಇಂದಿಗೂ ಅವನ ಹೆಸರಿನಲ್ಲೇ ಇದೆ. ಅದಾಗಿ ಎಂಟೇ ವರ್ಷಗಳ ತರುವಾಯ, ಯಾವ ಮದ್ದನ್ನೂ ಮುಟ್ಟದೆ, ಯಾರಿಗೂ ಮೋಸ ಮಾಡದೆ ಎರಡು ಚಿನ್ನದ ಪದಕಗಳನ್ನು ಗೆದ್ದ ಮತ್ತೊಬ್ಬ ಕ್ರೀಡಾಪಟು ಅವೆರಡನ್ನೂ ಕಳೆದುಕೊಂಡನು. ಅವನು ಮಾಡಿದ ತಪ್ಪು ಇಷ್ಟೇ: ಬೇಸಿಗೆಯ ರಜೆಯಲ್ಲಿ ಚೆಂಡಾಟವಾಡಿ ಒಂದಿಷ್ಟು ಡಾಲರ್ ಸಂಪಾದಿಸಿದುದು. ಆತನೇ ಜಿಮ್ ಥೋರ್ಪ್. ಅವನ ಹೆಸರನ್ನು ದಾಖಲೆಯಲ್ಲಿ ಮರಳಿ ಪೂರ್ಣವಾಗಿ ಬರೆಯಲು ಜಗತ್ತಿಗೆ 110 ವರ್ಷಗಳು ಬೇಕಾದವು. ಆ ಬದುಕನ್ನು ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಜಿಮ್ ಥೋರ್ಪ್ ಜನಿಸಿದುದು 1887ರ ಮೇ ತಿಂಗಳಲ್ಲಿ. 1888 ಎಂದು ಹೇಳುವವರೂ ಉಂಟು. ಹುಟ್ಟೂರು ಇಂದಿನ ಒಕ್ಲಹಾಮಾ ರಾಜ್ಯದ ಪ್ರೇಗ್ ಎಂಬ ಊರಿನ ಸಮೀಪ. ಒಕ್ಲಹಾಮಾ ಆಗ ರಾಜ್ಯವಾಗಿರಲಿಲ್ಲ. ತಮ್ಮ ನೆಲದಿಂದ ಒಕ್ಕಲೆಬ್ಬಿಸಲ್ಪಟ್ಟ ಮೂಲನಿವಾಸಿ ಬುಡಕಟ್ಟುಗಳನ್ನು ತಂದು ನೆಲೆಗೊಳಿಸಿದ್ದ ಪ್ರದೇಶ ಅದು. ಥೋರ್ಪ್ ಸ್ಯಾಕ್ ಅಂಡ್ ಫಾಕ್ಸ್ ಎಂಬ ಬುಡಕಟ್ಟಿನವನು. ಅವನ ಜನರು ಅವನಿಗಿಟ್ಟ ಹೆಸರು ವಾ-ಥೋ-ಹುಕ್. ಬೆಳಗುವ ಹಾದಿ ಎಂಬುದು ಅದರ ಭಾವಾರ್ಥ. ಚಾರ್ಲಿ ಎಂಬ ಅವಳಿ ಸೋದರನೊಬ್ಬನಿದ್ದನು. ಒಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ಅವನು ಕಾಯಿಲೆಯಿಂದ ತೀರಿಕೊಂಡ ಮೇಲೆ ಜಿಮ್ ಶಾಲೆಯಲ್ಲಿ ನಿಲ್ಲದಾದನು. ಮತ್ತೆ ಮತ್ತೆ ಓಡಿಹೋಗುತ್ತಿದ್ದನು. ಹದಿಹರೆಯ ಕಳೆಯುವುದರೊಳಗೆ ತಾಯಿಯನ್ನೂ ತಂದೆಯನ್ನೂ ಕಳೆದುಕೊಂಡು ಅನಾಥನಾದನು.

1904ರಲ್ಲಿ ಅವನು ಪೆನ್ಸಿಲ್ವೇನಿಯಾದ ಕಾರ್ಲೈಲ್ ಇಂಡಿಯನ್ ಇಂಡಸ್ಟ್ರಿಯಲ್ ಶಾಲೆಗೆ ಸೇರಿದನು. 1879ರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೇನಾಧಿಕಾರಿ ಸ್ಥಾಪಿಸಿದ ಈ ವಸತಿ ಶಾಲೆಯ ಗುರಿ ಮೂಲನಿವಾಸಿ ಮಕ್ಕಳನ್ನು ಬಿಳಿಯರ ಜೀವನಕ್ರಮಕ್ಕೆ ಒಗ್ಗಿಸುವುದಾಗಿತ್ತು. ಮಕ್ಕಳ ಉದ್ದ ಕೂದಲನ್ನು ಕತ್ತರಿಸಲಾಗುತ್ತಿತ್ತು; ಬುಡಕಟ್ಟಿನ ಉಡುಪನ್ನು ಕಳಚಿಸಲಾಗುತ್ತಿತ್ತು; ತಾಯ್ನುಡಿಯಲ್ಲಿ ಮಾತನಾಡುವುದು ನಿಷಿದ್ಧವಾಗಿತ್ತು. ಹೊರನಾಡಿನಲ್ಲಿ ನೆಲೆಸಿ ಮಕ್ಕಳ ನಾಲಗೆಯ ಮೇಲೆ ತಾಯ್ನುಡಿಯನ್ನು ಉಳಿಸಲು ಹೆಣಗುವ ನಮ್ಮಂಥವರಿಗೆ ಈ ಮಾತಿನ ಭಾರವನ್ನು ವಿವರಿಸಿ ಹೇಳಬೇಕಿಲ್ಲ.

ಆ ಶಾಲೆಯೇ ಅವನಲ್ಲಿದ್ದ ಅಸಾಧಾರಣ ಶಕ್ತಿಯನ್ನು ಲೋಕಕ್ಕೆ ತೋರಿಸಿತೆಂಬುದು ವಿಧಿಯ ವಿಲಾಸ. 1907ರ ಒಂದು ದಿನ ಎತ್ತರ ಜಿಗಿತದ ಅಭ್ಯಾಸ ನಡೆಯುತ್ತಿದ್ದ ಮೈದಾನದ ಬಳಿ ಹಾದುಹೋಗುತ್ತಿದ್ದ ಥೋರ್ಪ್, ಕೆಲಸದ ಬಟ್ಟೆಯಲ್ಲೇ ಹಾರಿ, ಇತರರಿಗೆ ಎಟುಕದಿದ್ದ 5 ಅಡಿ 9 ಅಂಗುಲದ ಎತ್ತರವನ್ನು ದಾಟಿದನೆಂದು ಅವನ ಚರಿತ್ರಕಾರರು ಹೇಳುತ್ತಾರೆ. ಪಾಪ್ ವಾರ್ನರ್ ಎಂದೇ ಹೆಸರಾದ ತರಬೇತುದಾರ ಗ್ಲೆನ್ ವಾರ್ನರ್ ಅವನನ್ನು ತನ್ನ ತಂಡಕ್ಕೆ ಸೇರಿಸಿಕೊಂಡನು. ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಥೋರ್ಪ್ ಬಹುಬೇಗ ಅದ್ವಿತೀಯನೆನಿಸಿದನು. 1911ರಲ್ಲಿ ಈ ಸಣ್ಣ ಶಾಲೆಯ ತಂಡ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು 18-15ರಿಂದ ಸೋಲಿಸಿತು. 1912ರ ಶರತ್ಕಾಲದಲ್ಲಿ ಸೇನಾ ಅಕಾಡೆಮಿಯ ತಂಡವನ್ನು 27-6ರಿಂದ ಮಣಿಸಿತು. ಆ ಸೋತ ತಂಡದಲ್ಲಿ ಮುಂದೆ ಅಮೆರಿಕದ ಅಧ್ಯಕ್ಷನಾದ ಐಸೆನ್‌ಹೋವರ್ ಕೂಡ ಆಡಿದ್ದನು.

ಈ ಕೀರ್ತಿಯ ನಡುವೆಯೇ ಮುಂದಿನ ಅನರ್ಥದ ಬೀಜವೂ ಬಿದ್ದಿತ್ತು. 1909 ಮತ್ತು 1910ರ ಬೇಸಿಗೆಗಳಲ್ಲಿ ಥೋರ್ಪ್ ಉತ್ತರ ಕೆರೊಲಿನಾದ ರಾಕಿ ಮೌಂಟ್ ಎಂಬ ಊರಿಗೆ ಹೋಗಿ ಅಲ್ಲಿನ ಸಣ್ಣ ಲೀಗ್‌ನಲ್ಲಿ ಬೇಸ್‌ಬಾಲ್ ಆಡಿದನು. ಕೈಗೆ ಬಂದುದು ಜೀವನ ಸಾಗಿಸುವಷ್ಟು ಅಲ್ಪ ಸಂಭಾವನೆ. ಅಂದಿನ ಅನೇಕ ಕಾಲೇಜು ವಿದ್ಯಾರ್ಥಿಗಳು ಇದೇ ರೀತಿ ಹಣ ಪಡೆದು ಆಡುತ್ತಿದ್ದರು. ಆದರೆ ಹವ್ಯಾಸಿಯೆಂಬ ಪಟ್ಟಕ್ಕೆ ಕುಂದು ಬಾರದಂತೆ ಸುಳ್ಳು ಹೆಸರಿನಲ್ಲಿ ಆಡುತ್ತಿದ್ದರು. ಥೋರ್ಪ್‌ಗೆ ಆ ಜಾಣತನ ತಿಳಿಯಲಿಲ್ಲ. ಅವನು ತನ್ನ ಸ್ವಂತ ಹೆಸರಿನಲ್ಲೇ ಆಡಿದನು.

1912ರ ಜುಲೈನಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್ ನಡೆಯಿತು. ಐದು ಸ್ಪರ್ಧೆಗಳ ಪೆಂಟಾಥ್ಲಾನ್‌ನಲ್ಲಿ ಉದ್ದ ಜಿಗಿತ, 200 ಮೀಟರ್ ಓಟ, ಡಿಸ್ಕಸ್ ಎಸೆತ, 1500 ಮೀಟರ್ ಓಟ ಈ ನಾಲ್ಕರಲ್ಲಿ ಥೋರ್ಪ್ ಮೊದಲಿಗನಾದನು. ಜಾವೆಲಿನ್ ಎಸೆತದಲ್ಲಿ ಮಾತ್ರ ಮೂರನೆಯವನಾದನು. ಅನಂತರ ಮೂರು ದಿನಗಳ ಡೆಕಾಥ್ಲಾನ್. ಹತ್ತು ಸ್ಪರ್ಧೆಗಳಲ್ಲಿ ಒಂದರಲ್ಲೂ ಅವನು ನಾಲ್ಕನೆಯ ಸ್ಥಾನಕ್ಕಿಂತ ಕೆಳಗಿಳಿಯಲಿಲ್ಲ. ಅಂದಿನ ಲೆಕ್ಕದಲ್ಲಿ 8,412 ಅಂಕಗಳನ್ನು ಗಳಿಸಿ, ಎರಡನೆಯವನಾದ ಸ್ವೀಡನ್ನಿನ ಹ್ಯೂಗೋ ವೀಸ್ಲಾಂಡರ್‌ನನ್ನು ಸುಮಾರು 700 ಅಂಕಗಳಿಂದ ಹಿಂದಿಕ್ಕಿದನು. ಸ್ಪರ್ಧೆಯ ನಡುವೆ ಅವನ ಬೂಟುಗಳು ಕಾಣೆಯಾಗಿ, ಜೋಡಿಯಲ್ಲದ ಎರಡು ಬೂಟುಗಳನ್ನು ಹೇಗೋ ಹೊಂದಿಸಿ ತೊಟ್ಟು ಆಡಿದನೆಂಬ ಕಥೆ ಪ್ರಸಿದ್ಧವಾಗಿದೆ. ಎರಡು ಕಾಲುಗಳಲ್ಲಿ ಎರಡು ಬಗೆಯ ಕಾಲುಚೀಲ, ಬೂಟು ತೊಟ್ಟು ನಿಂತಿರುವ ಅವನ ಛಾಯಾಚಿತ್ರವೂ ಉಳಿದುಬಂದಿದೆ. ಸ್ವೀಡನ್ನಿನ ದೊರೆ ಐದನೆಯ ಗುಸ್ತಾವ್ ಅವನನ್ನು ಜಗತ್ತಿನಲ್ಲೇ ಶ್ರೇಷ್ಠ ಕ್ರೀಡಾಪಟುವೆಂದು ಹೊಗಳಿದನೆಂಬುದು ಲೋಕಪ್ರಸಿದ್ಧ. ತಾಯ್ನಾಡಿಗೆ ಮರಳಿದಾಗ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ಅವನ ಮೆರವಣಿಗೆ ನಡೆಯಿತು.

ಆ ಸಂಭ್ರಮ ಆರು ತಿಂಗಳೂ ಉಳಿಯಲಿಲ್ಲ. 1913ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ನಗರದ ಪತ್ರಿಕೆಯೊಂದು ಥೋರ್ಪ್ ಹಣಕ್ಕಾಗಿ ಬೇಸ್‌ಬಾಲ್ ಆಡಿದ್ದ ಸುದ್ದಿಯನ್ನು ಪ್ರಕಟಿಸಿತು. ಹವ್ಯಾಸಿ ಕ್ರೀಡೆಯ ಒಡೆತನ ಅಂದು ಹಣವಂತರ ಕೈಯಲ್ಲಿತ್ತು. ಆಟದಿಂದ ಒಂದು ಕಾಸು ಪಡೆದವನೂ ಅಪವಿತ್ರನೆಂಬುದು ಅವರ ಮತ. ಹೊಟ್ಟೆಗೆ ಬಟ್ಟೆಗೆ ಕೊರತೆಯಿಲ್ಲದವರಿಗೆ ಪಾಲಿಸಲು ಸುಲಭವಾದ ನಿಯಮ ಅದು. ಅನಾಥ ಬಾಲಕನಿಗೆ ಅಷ್ಟು ಸುಲಭವಲ್ಲ. ಅಮೆಚೂರ್ ಅಥ್ಲೆಟಿಕ್ ಯೂನಿಯನ್‌ನ ಕಾರ್ಯದರ್ಶಿ ಜೇಮ್ಸ್ ಸಲಿವನ್‌ಗೆ ಥೋರ್ಪ್ ಪತ್ರ ಬರೆದು, ಆಡಿದುದು ನಿಜವೆಂದು ಒಪ್ಪಿಕೊಂಡನು. ತಾನು ಲೋಕಜ್ಞಾನವಿಲ್ಲದ ವಿದ್ಯಾರ್ಥಿಯಾಗಿದ್ದೆನೆಂದೂ, ಹಣಕ್ಕಿಂತ ಆಟದ ಮೇಲಿನ ಪ್ರೀತಿಯಿಂದ ಆಡಿದೆನೆಂದೂ ಕ್ಷಮೆ ಕೋರಿದನು. ತನಗೇನೂ ತಿಳಿದಿರಲಿಲ್ಲವೆಂದು ತರಬೇತುದಾರ ವಾರ್ನರ್ ಕೈತೊಳೆದುಕೊಂಡನು. ಯೂನಿಯನ್ ಥೋರ್ಪ್‌ನ ಹವ್ಯಾಸಿ ಮಾನ್ಯತೆಯನ್ನು ರದ್ದುಗೊಳಿಸಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅವನ ಹೆಸರನ್ನು ದಾಖಲೆಯಿಂದ ಅಳಿಸಿತು. ಪದಕಗಳೂ, ದೊರೆಗಳು ಕೊಟ್ಟಿದ್ದ ಕಾಣಿಕೆಗಳೂ ಹಿಂದಕ್ಕೆ ಹೋದವು. ಪೆಂಟಾಥ್ಲಾನ್ ಚಿನ್ನ ನಾರ್ವೆಯ ಫರ್ಡಿನಾಂಡ್ ಬೀ ಪಾಲಿಗೂ, ಡೆಕಾಥ್ಲಾನ್ ಚಿನ್ನ ವೀಸ್ಲಾಂಡರ್ ಪಾಲಿಗೂ ಬಂದವು. ನಿಜವಾಗಿ ಗೆದ್ದವನು ಥೋರ್ಪ್ ಎಂಬ ನಿಲುವಿನಿಂದ ವೀಸ್ಲಾಂಡರ್ ಮಾತ್ರ ಎಂದೂ ಕದಲಲಿಲ್ಲ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಸ್ಪರ್ಧಿಯೊಬ್ಬನ ಅರ್ಹತೆಯ ಬಗ್ಗೆ ಆಕ್ಷೇಪವಿದ್ದರೆ ಅದನ್ನು 30 ದಿನಗಳೊಳಗೆ ಸಲ್ಲಿಸಬೇಕೆಂದು ಸ್ಟಾಕ್‌ಹೋಮ್ ಕೂಟದ ನಿಯಮಾವಳಿಯೇ ವಿಧಿಸಿತ್ತು. ಥೋರ್ಪ್ ಮೇಲಿನ ದೂರು ಬಂದುದು ಸುಮಾರು ಆರು ತಿಂಗಳ ಬಳಿಕ. ಅಂದರೆ ನಿಯಮಭಂಗದ ಹೆಸರಿನಲ್ಲಿ ಅವನನ್ನು ದಂಡಿಸಿದವರು ತಾವೇ ಒಂದು ನಿಯಮವನ್ನು ಮುರಿದಿದ್ದರು. ಇಂದು ಉದ್ದೀಪನ ಮದ್ದು ಸೇವಿಸಿದ ಆರೋಪ ಹೊತ್ತವನಿಗೂ ಎರಡನೆಯ ಮಾದರಿಯ ಪರೀಕ್ಷೆಯನ್ನು ಕೇಳುವ ಹಕ್ಕಿದೆ, ವಿಚಾರಣೆಯಿದೆ, ಮೇಲ್ಮನವಿಗೆ ಕ್ರೀಡಾ ನ್ಯಾಯಮಂಡಳಿಯಿದೆ. ಇವುಗಳಲ್ಲಿ ಒಂದೂ ಥೋರ್ಪ್‌ಗೆ ದೊರೆಯಲಿಲ್ಲ. ಅವನ ಪರವಾಗಿ ಆ ನಿಯಮಾವಳಿಯ ಪುಟವನ್ನು ತೆರೆದು ತೋರಿಸುವವರು ಒಬ್ಬರೂ ಇರಲಿಲ್ಲ.

ಹವ್ಯಾಸಿಯೆಂಬ ಪಟ್ಟ ಹೋದ ಮೇಲೆ ಥೋರ್ಪ್ ವೃತ್ತಿಪರ ಆಟಗಾರನಾದನು. 1913ರಿಂದ 1919ರವರೆಗೆ ನ್ಯೂಯಾರ್ಕ್ ಜೈಂಟ್ಸ್ ಮೊದಲಾದ ದೊಡ್ಡ ತಂಡಗಳಲ್ಲಿ ಬೇಸ್‌ಬಾಲ್ ಆಡಿದನು. 1915ರಿಂದ ಕ್ಯಾಂಟನ್ ಬುಲ್‌ಡಾಗ್ಸ್ ತಂಡದಲ್ಲಿ ಫುಟ್‌ಬಾಲ್ ಆಡಿದನು. 1920ರಲ್ಲಿ ವೃತ್ತಿಪರ ಫುಟ್‌ಬಾಲ್ ತಂಡಗಳು ಒಂದುಗೂಡಿ ಸಂಘ ಕಟ್ಟಿಕೊಂಡಾಗ ಅದರ ಮೊದಲ ಅಧ್ಯಕ್ಷನಾದವನೂ ಇವನೇ. ಇಂದು ಕೋಟ್ಯಂತರ ಡಾಲರ್ ವಹಿವಾಟು ನಡೆಸುವ ಎನ್‌ಎಫ್‌ಎಲ್ ಆ ಸಂಘದಿಂದಲೇ ಬೆಳೆದುದು. 1928ರಲ್ಲಿ, ನಲವತ್ತು ದಾಟಿದ ಮೇಲೆ, ಅವನು ಕಣದಿಂದ ನಿವೃತ್ತನಾದನು.

ಮನೆಯ ಬದುಕಿನಲ್ಲಿ ನೆಮ್ಮದಿ ಕಡಿಮೆ. ಕಾರ್ಲೈಲ್ ಶಾಲೆಯ ಸಹಪಾಠಿ ಐವಾ ಮಿಲ್ಲರ್‌ಳನ್ನು 1913ರಲ್ಲಿ ವಿವಾಹವಾಗಿದ್ದನು. ಅವರ ಗಂಡುಮಗು ಮೂರನೆಯ ವಯಸ್ಸಿನಲ್ಲಿ ತೀರಿಕೊಂಡಿತು. ಆ ನೋವು ಅವನನ್ನು ಬಿಡಲೇ ಇಲ್ಲ. ಮದ್ಯಪಾನದ ಚಟ ಹೆಚ್ಚಿತು; ಮೂರು ವಿವಾಹಗಳಾದವು. ಆಟ ನಿಂತ ಮರುವರ್ಷವೇ ಅಮೆರಿಕವನ್ನು ಆರ್ಥಿಕ ಕುಸಿತ ಆವರಿಸಿತು. ಜಗತ್ತಿನ ಶ್ರೇಷ್ಠ ಕ್ರೀಡಾಪಟುವೆನಿಸಿದವನು ಗುದ್ದಲಿ ಹಿಡಿದು ನೆಲ ಅಗೆದನು. ಹಾಲಿವುಡ್ ಚಿತ್ರಗಳಲ್ಲಿ ಹೆಸರಿಲ್ಲದ ಸಣ್ಣಪುಟ್ಟ ಪಾತ್ರ ಮಾಡಿದನು. 1932ರಲ್ಲಿ ಒಲಿಂಪಿಕ್ಸ್ ಲಾಸ್ ಏಂಜಲೀಸ್‌ಗೆ ಬಂದಾಗ ಅವನ ಬಳಿ ಟಿಕೆಟ್ಟಿಗೂ ಹಣವಿರಲಿಲ್ಲ. ಈ ಸುದ್ದಿ ಹಬ್ಬಿದಾಗ, ಸ್ವತಃ ಮೂಲನಿವಾಸಿ ವಂಶಸ್ಥನಾದ ಉಪಾಧ್ಯಕ್ಷ ಚಾರ್ಲ್ಸ್ ಕರ್ಟಿಸ್ ಅವನನ್ನು ತನ್ನೊಡನೆ ಕೂರಿಸಿಕೊಂಡನು. ಜನಸಮೂಹ ಎದ್ದುನಿಂತು ಗೌರವಿಸಿತು.

1950ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ನಡೆಸಿದ ಮತಗಣನೆಯಲ್ಲಿ ಕ್ರೀಡಾ ಪತ್ರಕರ್ತರು ಅವನನ್ನು ಅರ್ಧ ಶತಮಾನದ ಶ್ರೇಷ್ಠ ಕ್ರೀಡಾಪಟುವಾಗಿ ಆರಿಸಿದರು. ಮರುವರ್ಷ ಅವನ ಜೀವನವನ್ನಾಧರಿಸಿದ ಚಲನಚಿತ್ರ ಬಂದಿತು. ಬರ್ಟ್ ಲ್ಯಾಂಕಾಸ್ಟರ್ ಥೋರ್ಪ್ ಪಾತ್ರ ವಹಿಸಿದನು. ಅದೇ ವರ್ಷ ಥೋರ್ಪ್‌ನ ತುಟಿಯಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಾಗ ಶಸ್ತ್ರಚಿಕಿತ್ಸೆಗೆ ಹಣವಿಲ್ಲದೆ ಧರ್ಮಾರ್ಥ ಚಿಕಿತ್ಸೆ ಪಡೆಯಬೇಕಾಯಿತು. 1953ರ ಮಾರ್ಚ್ 28ರಂದು ಕ್ಯಾಲಿಫೋರ್ನಿಯಾದ ಲೊಮಿಟಾದಲ್ಲಿ ಹೃದಯಾಘಾತದಿಂದ ಅವನು ಕೊನೆಯುಸಿರೆಳೆದನು.

ಸಾವಿನ ನಂತರವೂ ಅವನಿಗೆ ಹುಟ್ಟಿದ ಮಣ್ಣು ದಕ್ಕಲಿಲ್ಲ. ಮೂರನೆಯ ಪತ್ನಿ ದೇಹವನ್ನು ಪೆನ್ಸಿಲ್ವೇನಿಯಾದ ಎರಡು ಸಣ್ಣ ಊರುಗಳಿಗೆ ಒಪ್ಪಿಸಿದಳು. ಆ ಊರುಗಳು 1954ರಲ್ಲಿ ಒಂದಾಗಿ ಜಿಮ್ ಥೋರ್ಪ್ ಎಂಬ ಹೆಸರನ್ನೇ ತಳೆದವು. ತಂದೆಯ ಅವಶೇಷವನ್ನು ಬುಡಕಟ್ಟಿನ ನೆಲಕ್ಕೆ ಒಯ್ಯಲು ಮಕ್ಕಳು ನಡೆಸಿದ ಮೊಕದ್ದಮೆ 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೈಗೆತ್ತಿಕೊಳ್ಳಲು ನಿರಾಕರಿಸುವುದರೊಂದಿಗೆ ಮುಗಿಯಿತು.

ಪದಕಗಳ ಹೋರಾಟವನ್ನು ಮಾತ್ರ ಮಕ್ಕಳೂ ಅಭಿಮಾನಿಗಳೂ ಕೈಬಿಡಲಿಲ್ಲ. 1952ರಿಂದ 1972ರವರೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷನಾಗಿದ್ದ ಏವರಿ ಬ್ರಂಡೇಜ್ ಸ್ಟಾಕ್‌ಹೋಮ್‌ನಲ್ಲಿ ಅದೇ ಎರಡು ಸ್ಪರ್ಧೆಗಳಲ್ಲಿ ಥೋರ್ಪ್ ಎದುರು ಸೋತವನು. ಅವನ ಕಾಲದಲ್ಲಿ ನ್ಯಾಯ ದೊರೆಯಲಿಲ್ಲ. 1973ರಲ್ಲಿ ಅಮೆಚೂರ್ ಯೂನಿಯನ್ ತನ್ನ ಹಳೆಯ ತೀರ್ಪನ್ನು ಹಿಂತೆಗೆದುಕೊಂಡಿತು. ಬಳಿಕ ಥೋರ್ಪ್ ಚರಿತ್ರಕಾರ ರಾಬರ್ಟ್ ವೀಲರ್ ಮತ್ತು ಆತನ ಪತ್ನಿ ಫ್ಲಾರೆನ್ಸ್ ರಿಡ್ಲನ್ ಆ 30 ದಿನಗಳ ನಿಯಮವಿದ್ದ 1912ರ ಪುಸ್ತಿಕೆಯನ್ನು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹುಡುಕಿ ಹೊರತೆಗೆದರು. 1982ರಲ್ಲಿ ಒಲಿಂಪಿಕ್ ಸಮಿತಿ ಮಣಿಯಿತು. 1983ರ ಜನವರಿಯಲ್ಲಿ ಪದಕಗಳ ಪ್ರತಿಕೃತಿಗಳನ್ನು ಮಕ್ಕಳ ಕೈಗಿತ್ತಿತು. ಆದರೆ ಅದು ಅರ್ಧ ನ್ಯಾಯ. ದಾಖಲೆಯಲ್ಲಿ ಥೋರ್ಪ್ ಜಂಟಿ ವಿಜೇತನೆಂದಷ್ಟೇ ಬರೆಯಲಾಯಿತು. 2022ರ ಜುಲೈನಲ್ಲಿ, ವೀಸ್ಲಾಂಡರ್ ಕುಟುಂಬದವರ ಹಾಗೂ ಸ್ವೀಡನ್, ನಾರ್ವೆಗಳ ಕ್ರೀಡಾಸಂಸ್ಥೆಗಳ ಸಮ್ಮತಿಯೊಂದಿಗೆ, ಎರಡೂ ಸ್ಪರ್ಧೆಗಳ ಏಕೈಕ ವಿಜೇತ ಜಿಮ್ ಥೋರ್ಪ್ ಎಂದು ಸಮಿತಿ ಘೋಷಿಸಿತು. 2024ರಲ್ಲಿ ಅಮೆರಿಕ ಸರಕಾರ ಅಧ್ಯಕ್ಷರ ಸ್ವಾತಂತ್ರ್ಯ ಪದಕವನ್ನು ಅವನಿಗೆ ಮರಣೋತ್ತರವಾಗಿ ನೀಡಿತು.

ಕ್ರೀಡೆ ಶುದ್ಧವಾಗಿರಬೇಕಾದರೆ ಪದಕವನ್ನು ಹಿಂಪಡೆಯುವ ಅಧಿಕಾರ ಇರಲೇಬೇಕು; ಉದ್ದೀಪನ ಮದ್ದಿನ ಹಾವಳಿ ಅದನ್ನು ಸಾರಿ ಹೇಳುತ್ತಿದೆ. ಆದರೆ ಆ ಅಧಿಕಾರವನ್ನು ಹಿಡಿದವರು ತಮ್ಮ ನಿಯಮಕ್ಕೆ ತಾವೇ ಮೊದಲು ಬದ್ಧರಾಗಿರಬೇಕೆಂಬುದು ಥೋರ್ಪ್ ಬದುಕು ಕಲಿಸುವ ಪಾಠ. ತಪ್ಪಾಗಿ ಕಸಿದುಕೊಂಡ ಪದಕವನ್ನು ಮರಳಿಸಬಹುದು; ಅದಿಲ್ಲದೆ ಕಳೆದ ನಲವತ್ತು ವರ್ಷಗಳ ಬದುಕನ್ನು ಮರಳಿಸಲಾಗದು. 2022ರ ಆ ಘೋಷಣೆಯನ್ನು ಕೇಳಲು ವಾ-ಥೋ-ಹುಕ್ ಇರಲಿಲ್ಲ. ನಮ್ಮ ಮಕ್ಕಳನ್ನು ಮೈದಾನಕ್ಕೆ ಕಳುಹಿಸುವಾಗ ಈ ಹೆಸರನ್ನೂ ಅವರಿಗೆ ಪರಿಚಯಿಸೋಣ.