ವಿದ್ಯಾದಾಸೋಹಿ ಶಾಹು ಮಹಾರಾಜರು

ಅನ್ನದಾಸೋಹಕ್ಕೆ ಪಂಕ್ತಿಭೇದವು ಹೇಗೆ ಕಳಂಕವೋ ವಿದ್ಯಾದಾಸೋಹಕ್ಕೂ ಅದು ಹಾಗೆಯೇ ಕಳಂಕ. ಈ ಮಾತನ್ನು ರಾಜಾಜ್ಞೆಯ ಬಲದಿಂದ ಪಾಠಶಾಲೆಯೊಳಗೆ ಆಚರಣೆಗೆ ತಂದ ಮಹನೀಯರಲ್ಲಿ ಕೊಲ್ಲಾಪುರದ ರಾಜರ್ಷಿ ಶಾಹು ಮಹಾರಾಜರು ಅಗ್ರಗಣ್ಯರು.

ಅವರು 1874ನೆಯ ಇಸವಿ ಜೂನ್ 26ರಂದು ಕಾಗಲದ ಘಾಟಗೆ ಮನೆತನದಲ್ಲಿ ಜನಿಸಿದರು. ತಂದೆ ಜಯಸಿಂಗರಾಯರು, ತಾಯಿ ರಾಧಾಬಾಯಿಯವರು ಕನ್ನಡ ನಾಡಿನ ಮುಧೋಳದ ರಾಜಮನೆತನದ ಮಗಳು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಈ ಬಾಲಕನನ್ನು 1884ರಲ್ಲಿ ಕೊಲ್ಲಾಪುರದ ರಾಣಿ ಆನಂದಿಬಾಯಿಯವರು ದತ್ತು ಪಡೆದರು. ರಾಜಕೋಟೆಯಲ್ಲಿಯೂ ಬಳಿಕ ಧಾರವಾಡದಲ್ಲಿ ಫ್ರೇಜರ್ ಸಾಹೇಬರ ಬಳಿಯಲ್ಲಿಯೂ ವಿದ್ಯಾಭ್ಯಾಸವನ್ನು ಮುಗಿಸಿ, 1894ರ ಏಪ್ರಿಲ್‌ನಲ್ಲಿ ಅವರು ರಾಜ್ಯಭಾರವನ್ನು ವಹಿಸಿಕೊಂಡರು.

ಹಳ್ಳಿಯ ಬಡಮಕ್ಕಳು ಪಟ್ಟಣಕ್ಕೆ ಬಂದರೆ ಉಣ್ಣಲು ಎಡೆಯಿಲ್ಲ, ತಂಗಲು ನೆಲೆಯಿಲ್ಲ ಎಂಬುದನ್ನು ಮಹಾರಾಜರು ಕಂಡರು. 1896ರಲ್ಲಿ ಸರ್ವ ಜಾತಿಗಳಿಗೂ ಮುಕ್ತವಾದ ಒಂದು ವಿದ್ಯಾರ್ಥಿ ನಿಲಯವನ್ನು ತೆರೆಯಿಸಿದರು. ಬಾಗಿಲು ಎಲ್ಲರಿಗೂ ತೆರೆದಿತ್ತು. ಆದರೆ ಒಳಗೆ ಉಳಿದವರು ಬಹುಪಾಲು ಮೇಲ್ಜಾತಿಯ ವಿದ್ಯಾರ್ಥಿಗಳೇ. ಹಿಂದೆ ಬಿದ್ದವನಿಗೆ ಬಾಗಿಲು ತೆರೆದರೆ ಸಾಲದು, ಕೈಹಿಡಿದು ಒಳಗೆ ಕರೆತರಬೇಕೆಂಬ ಪಾಠವನ್ನು ಅವರು ಅಲ್ಲಿ ಕಲಿತರು. ಅಂದಿನಿಂದ ಒಂದೊಂದು ಸಮಾಜಕ್ಕೂ ಆಶ್ರಯವಿತ್ತು ವಿದ್ಯಾರ್ಥಿ ನಿಲಯಗಳನ್ನು ಬೆಳೆಸಿದರು. 1901ರಲ್ಲಿ ಮರಾಠರಿಗೂ ಜೈನರಿಗೂ, 1906ರಲ್ಲಿ ಮುಸಲ್ಮಾನರಿಗೂ, 1907ರಲ್ಲಿ ವೀರಶೈವ ಲಿಂಗಾಯತರಿಗೂ, 1908ರಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗೂ ನಿಲಯಗಳು ಏರ್ಪಟ್ಟವು. ಓದಿದವರಿಗೆ ಉದ್ಯೋಗವೂ ದೊರೆಯಬೇಕೆಂದು, 1902ರಲ್ಲಿಯೇ ಸಂಸ್ಥಾನದಲ್ಲಿ ತೆರವಾಗುವ ಹುದ್ದೆಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದವರಿಗಾಗಿ ಮೀಸಲಿಟ್ಟಿದ್ದರು.

1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದರು. ಮಗುವನ್ನು ಶಾಲೆಗೆ ಕಳುಹಿಸದ ತಂದೆತಾಯಿಗಳಿಗೆ ತಿಂಗಳಿಗೆ 1 ರೂಪಾಯಿ ದಂಡವನ್ನು ವಿಧಿಸಿದರು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಅಸ್ಪೃಶ್ಯರ ಮಕ್ಕಳಿಗೆ ಶಾಲೆಯಿತ್ತು. ಆದರೆ ಅದು ಬೇರೆಯ ಶಾಲೆ. ಅಕ್ಷರವನ್ನು ಕೊಡುವ ಶಾಲೆಯೇ ಆ ಮಗುವಿಗೆ ತಾನು ಬೇರೆಯವನೆಂಬುದನ್ನೂ ದಿನದಿನವೂ ಕಲಿಸುತ್ತಿತ್ತು. ಆದಕಾರಣ 1919ರಲ್ಲಿ ಮಹಾರಾಜರು ಆ ಪ್ರತ್ಯೇಕ ಶಾಲೆಗಳನ್ನು ಮುಚ್ಚಿಸಿ, ಆ ಮಕ್ಕಳನ್ನು ಊರಿನ ಶಾಲೆಗಳಲ್ಲಿಯೇ ಇತರರೊಡನೆ ಕುಳ್ಳಿರಿಸಬೇಕೆಂದು ಆಜ್ಞಾಪಿಸಿದರು. ಅದೇ ವರ್ಷ ಅಧಿಕಾರಿಗಳಿಗೂ ಸಮಭಾವದಿಂದ ನಡೆಯಬೇಕೆಂಬ ಕಟ್ಟಪ್ಪಣೆಯಾಯಿತು. ಒಪ್ಪದವರು ಕೆಲಸವನ್ನು ಬಿಟ್ಟು ಹೋಗಬಹುದಾಗಿತ್ತು; ಹಾಗೆ ಹೋದವರಿಗೆ ನಿವೃತ್ತಿ ವೇತನದ ಹಕ್ಕಿರಲಿಲ್ಲ.

ಆಜ್ಞೆಯೊಂದರಿಂದಲೇ ಮನಸ್ಸು ತಿರುಗದೆಂಬುದನ್ನು ಅವರು ಅರಿಯದವರಲ್ಲ. ನೀರು ಮುಟ್ಟಿದ ಕಾರಣಕ್ಕೆ ಪೆಟ್ಟು ತಿಂದಿದ್ದ ಗಂಗಾರಾಮ ಕಾಂಬಳೆ ಎಂಬವನಿಗೆ ಚಹದಂಗಡಿಯನ್ನು ಇಡಿಸಿಕೊಟ್ಟರು. ಅಲ್ಲಿಗೆ ತಾವೇ ಹೋಗಿ ಚಹ ಕುಡಿದರು, ಜೊತೆಯಲ್ಲಿದ್ದವರಿಗೂ ಕುಡಿಸಿದರು. ಉಪಾಧ್ಯಾಯರಿಂದ ಬಯಸಿದ ನಡತೆಯನ್ನು ಅರಸರು ಮೊದಲು ತಾವು ಬೀದಿಯಲ್ಲಿ ನಡೆದು ತೋರಿಸಿದರು. ನುಡಿಗೆ ನಡೆಯು ಹೀಗೆ ಸಾಕ್ಷಿಯಾಯಿತು.

1922ರ ಮೇ 6ರಂದು ಮುಂಬಯಿಯಲ್ಲಿ ಮಹಾರಾಜರು ದೇಹವನ್ನು ಬಿಟ್ಟರು. ಆಗ ಅವರಿಗೆ ಐವತ್ತು ವರ್ಷವೂ ತುಂಬಿರಲಿಲ್ಲ. ಅವರ ಸಂಸ್ಥಾನವು 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. ಆದರೆ ಅವರು ಎತ್ತಿದ ಪ್ರಶ್ನೆಯು ರಾಜ್ಯದೊಡನೆ ಲೀನವಾಗಲಿಲ್ಲ. ಶಾಲೆಯ ಆಡಳಿತವನ್ನು ನಡೆಸುವವರೂ, ಮಕ್ಕಳನ್ನು ಅಲ್ಲಿಗೆ ಕಳುಹಿಸುವ ಗೃಹಸ್ಥರೂ ಎಷ್ಟು ಮಕ್ಕಳು ಸೇರಿದರೆಂದು ಎಣಿಸಿದರೆ ಸಾಲದು. ಯಾವ ಮಗುವು ಯಾರ ಪಕ್ಕದಲ್ಲಿ ಕುಳಿತಿದೆ, ಯಾವುದು ಒಂಟಿಯಾಗಿ ಕುಳಿತಿದೆ ಎಂಬುದನ್ನು ಕಣ್ಣಿಟ್ಟು ನೋಡಬೇಕು. ಒಂಟಿಯಾಗಿ ಕುಳಿತ ಆ ಮಗುವನ್ನು ನಡುವಿಗೆ ಕರೆದು ಕೂರಿಸುವುದೇ ಶಾಹು ಮಹಾರಾಜರಿಗೆ ಸಲ್ಲುವ ನಿಜವಾದ ಸ್ಮಾರಕ.