ದಮ್ಮಿನ ಪೈಲ್ವಾನ ಗಾಮಾ

ತಾಲೂಕಾ ಕ್ರೀಡಾಕೂಟ ಹತ್ತಿರ ಬಂತು. ಗರಡಿಮನಿಗೆ ಹೋದರೆ ಮೈ ಭಾರ ಆಗಿ ಓಡಾಕ ದಮ್ಮು ಸಾಲಂಗಿಲ್ಲ ಅಂತ ನಮ್ಮ ಓಟಗಾರ ಗೆಳೆಯರು ಹೇಳುತ್ತಾರೆ. ಅವರಿಗಾಗಿಯೇ ಗಾಮಾ ಪೈಲ್ವಾನರ ಜೀವನವನ್ನು ಇಲ್ಲಿ ಬರೆದಿದ್ದೇನೆ.

ಗಾಮಾ ಪಂಜಾಬದ ಕುಸ್ತಿ ಮನೆತನದವರು. ನಿಜವಾದ ಹೆಸರು ಗುಲಾಮ್ ಮೊಹಮ್ಮದ್. ಸಣ್ಣವರಿದ್ದಾಗಲೇ ತಂದೆ ತೀರಿಕೊಂಡರು. ಸುಮಾರು ಹತ್ತನೆಯ ವಯಸ್ಸಿಗೆ ಜೋಧಪುರದ ಬೈಠಕ್ ಸ್ಪರ್ಧೆಯಲ್ಲಿ ದೊಡ್ಡ ದೊಡ್ಡ ಪೈಲ್ವಾನರು ಸೋತು ಕೂತರೂ ಈ ಹುಡುಗ ಕೊನೆಯವರೆಗೆ ಉಳಿದನಂತೆ. ಮುಂದೆ ಅವರು ದಿನಾಲೂ ಸಾವಿರಾರು ಬೈಠಕ್, ದಂಡ ಹೊಡೆಯುತ್ತಿದ್ದರು.

1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಪೋಲೆಂಡಿನ ಜಿಬಿಸ್ಕೋ ಜೊತೆ ಕುಸ್ತಿ ನಡೆಯಿತು. ಆತ ಗಾಮಾಗಿಂತ ಹೆಚ್ಚು ತೂಕದವನು. ಎರಡೂವರೆ ತಾಸು ಮೀರಿದರೂ ಕುಸ್ತಿ ಇತ್ಯರ್ಥ ಆಗಲಿಲ್ಲ. ಮುಂದಿನ ವಾರ ಜಿಬಿಸ್ಕೋ ಕಣಕ್ಕೆ ಬರಲೇ ಇಲ್ಲ. ಜಾನ್ ಬುಲ್ ಪಟ್ಟಿ ಗಾಮಾಗೆ ಬಂತು. 1928ರಲ್ಲಿ ಪಟಿಯಾಲಾದಲ್ಲಿ ಅದೇ ಜಿಬಿಸ್ಕೋನನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದರು. 1960ರಲ್ಲಿ ಲಾಹೋರದಲ್ಲಿ ತೀರಿಕೊಂಡರು.

ಬಲ ಬೇರೆ, ದಮ್ಮು ಬೇರೆ ನಿಜ. ಆದರೆ ಕಾಲು ಗಟ್ಟಿ ಇದ್ದರೆ ಪ್ರತಿ ಹೆಜ್ಜೆಗೆ ಇರುವ ಶಕ್ತಿಯಲ್ಲಿ ಸ್ವಲ್ಪ ಪಾಲು ಮಾತ್ರ ಸಾಕು. ಅದಕ್ಕೇ ಬೇಗ ದಣಿವಾಗುವುದಿಲ್ಲ. ಬಾದಾಮಿ ಗುಡ್ಡದ ಮೆಟ್ಟಿಲು ಹತ್ತುವಾಗ ಮೊದಲು ಸೋಲುವುದು ತೊಡೆಯೋ ಉಸಿರೋ, ನೀವೇ ನೋಡಿರಿ. ಬರೇ ಬೈಠಕ್ಕಿನಿಂದ ಓಟ ಬರುವುದಿಲ್ಲ, ಓಡಲೇಬೇಕು. ಓಟದ ಜೊತೆಗೆ ವಾರಕ್ಕೆ ಎರಡು ದಿನ ಬೈಠಕ್ ಹೊಡೆಯೋಣ, ಬರ್ರಿ.